ಶಾಸನಕರ್ತರೂ ನ್ಯಾಯಾಧೀಶರೂ ಆದ ಕೆನಡಾದ ಡೇವಿ ಫುಲ್ಟನ್ನರು

ಗ್ರಂಥಕರ್ತನ ಅಭಿಪ್ರಾಯವೇ ಗ್ರಂಥದ ಅರ್ಥವೋ, ಅಥವಾ ವಾಕ್ಯವು ತಾನಾಗಿ ಹೇಳುವುದು ಅರ್ಥವೋ ಎಂಬ ಪ್ರಶ್ನೆಯು ಸಾಹಿತ್ಯವನ್ನು ಬೋಧಿಸುವವರಿಗೆಲ್ಲ ಪರಿಚಿತವಾದುದು. ನಮ್ಮ ಮೀಮಾಂಸಕರು ಕರ್ತೃವೇ ಇಲ್ಲವೆಂದು ತಾವು ನಂಬಿದ ವಾಕ್ಯಗಳಿಗೆ ಅರ್ಥನಿರ್ಣಯ ಮಾಡುವ ಕ್ರಮವನ್ನು ಕಟ್ಟಿದರು. ಶಾಸನಗಳ ವಿಷಯದಲ್ಲಿ ಈ ಪ್ರಶ್ನೆಯು ಬರಿಯ ಪಾಂಡಿತ್ಯದ ವಿಷಯವಾಗಿ ಉಳಿಯುವುದಿಲ್ಲ. ಅಲ್ಲಿ ಒಂದು ಪದದ ಅರ್ಥದಿಂದ ಒಬ್ಬನು ಸೆರೆಮನೆಗೆ ಹೋಗುವನು, ಇನ್ನೊಬ್ಬನು ಮನೆಗೆ ಹಿಂದಿರುಗುವನು. ಶಾಸನವನ್ನು ಬರೆದವರು ಬದುಕಿರುವಾಗಲೇ ಅದನ್ನು ಬೇರೆಯವರು ಓದಿ, ಬರೆದವರು ನೆನೆಯದಿದ್ದ ಗ್ರಂಥಕ್ಕೆ ಅನ್ವಯಿಸುವುದುಂಟು. ಕೆನಡಾ ದೇಶದ ಎಡ್ಮಂಡ್ ಡೇವಿ ಫುಲ್ಟನ್ ಎಂಬವರ ಜೀವಿತವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. ಇವರು ಕನ್ಸರ್ವೇಟಿವ್ ಪಕ್ಷದ ರಾಜಕಾರಣಿಗಳಾಗಿ ಶಾಸನಗಳನ್ನು ರಚಿಸಿದರು. ಬಳಿಕ ನ್ಯಾಯಪೀಠದಲ್ಲಿ ಕುಳಿತು ಇತರರು ರಚಿಸಿದ ಶಾಸನಗಳಿಗೆ ಅರ್ಥ ಹೇಳಿದರು.

ಫುಲ್ಟನ್ನರು ಹುಟ್ಟಿದುದು 1916ನೆಯ ಇಸವಿಯ ಮಾರ್ಚಿ 10ರಂದು, ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಕ್ಯಾಮ್‌ಲೂಪ್ಸ್ ಎಂಬ ಊರಿನಲ್ಲಿ. ರಾಜಕಾರಣವೂ ನ್ಯಾಯಶಾಸ್ತ್ರವೂ ಅವರ ಮನೆತನದಲ್ಲಿ ಒಟ್ಟಿಗೆ ಹರಿದುಬಂದಿದ್ದುವು. ತಂದೆ ಫ್ರೆಡರಿಕ್ ಜಾನ್ ಫುಲ್ಟನ್ನರು ಪ್ರಾಂತದ ಸಚಿವರಾಗಿಯೂ ಆಮೇಲೆ ಆಟವಾದ ಪಾರ್ಲಿಮೆಂಟಿನ ಸದಸ್ಯರಾಗಿಯೂ ಇದ್ದವರು. ತಾಯಿಯ ತಂದೆ ಎ. ಇ. ಬಿ. ಡೇವಿಯವರು 1887ರಿಂದ ತಾವು ತೀರಿಕೊಂಡ 1889ರವರೆಗೆ ಪ್ರಾಂತದ ಮುಖ್ಯಮಂತ್ರಿಗಳಾಗಿದ್ದರು. ಅವರ ತಮ್ಮ ಥಿಯೊಡೋರ್ ಡೇವಿಯವರೂ 1892ರಲ್ಲಿ ಅದೇ ಪದವಿಗೆ ಬಂದು, 1895ರಲ್ಲಿ ಅದನ್ನು ಬಿಟ್ಟು ಪ್ರಾಂತದ ಮುಖ್ಯ ನ್ಯಾಯಾಧೀಶರಾದರು. ರಾಜಕಾರಣದಿಂದ ನ್ಯಾಯಪೀಠಕ್ಕೆ ಹೋಗುವ ದಾರಿಯನ್ನು ಮನೆಯ ಹಿರಿಯರೇ ತುಳಿದಿದ್ದರೆಂಬುದನ್ನು ಇಲ್ಲಿ ನೆನಪಿಡಬೇಕು. ಫುಲ್ಟನ್ನರು ತಮ್ಮ ಪ್ರಾಂತದ ವಿಶ್ವವಿದ್ಯಾನಿಲಯದಲ್ಲಿ ಓದಿ, ರೋಡ್ಸ್ ವಿದ್ಯಾರ್ಥಿವೇತನವನ್ನು ಪಡೆದು ಆಕ್ಸ್‌ಫರ್ಡಿಗೆ ಹೋದರು, ವಕೀಲರಾದರು, ಎರಡನೆಯ ಮಹಾಯುದ್ಧದಲ್ಲಿ ಕೆನಡಾದ ಸೀಫೋರ್ತ್ ಹೈಲ್ಯಾಂಡರ್ಸ್ ದಳದೊಡನೆ ಇಟಲಿಯಲ್ಲಿ ಕಾದಿದರು. 1945ರ ಚುನಾವಣೆಯಲ್ಲಿ ಕ್ಯಾಮ್‌ಲೂಪ್ಸ್ ಕ್ಷೇತ್ರವು ಅವರನ್ನು ಆಟವಾಕ್ಕೆ ಕಳುಹಿಸಿತು. ಆಗ ಅವರಿಗೆ 29 ವರ್ಷ.

ವಿರೋಧಪಕ್ಷದ ತರುಣ ಸದಸ್ಯನೊಬ್ಬನು ತಾನಾಗಿ ತಂದ ಮಸೂದೆಯು ಶಾಸನವಾಗುವುದು ಆ ಪಾರ್ಲಿಮೆಂಟಿನ ಪದ್ಧತಿಯಲ್ಲಿ ಅಪರೂಪ. 1949ರಲ್ಲಿ ಫುಲ್ಟನ್ನರು ಇದನ್ನು ಸಾಧಿಸಿದರು. ಹಿಂದಿನ ವರ್ಷ ಅವರ ಪ್ರಾಂತದ ಡಾಸನ್ ಕ್ರೀಕ್ ಎಂಬಲ್ಲಿ ಹದಿಮೂರು ಮತ್ತು ಹನ್ನೊಂದು ವರ್ಷದ ಇಬ್ಬರು ಹುಡುಗರು ದಾರಿಯಲ್ಲಿ ಹೋಗುತ್ತಿದ್ದ ಮೋಟಾರಿಗೆ ಗುಂಡು ಹಾರಿಸಿ ಒಬ್ಬರ ಸಾವಿಗೆ ಕಾರಣರಾಗಿದ್ದರು. ಅಪರಾಧದ ಕಥೆಗಳನ್ನು ಚಿತ್ರಗಳಲ್ಲಿ ಹೇಳುವ ಅಗ್ಗದ ಪುಸ್ತಕಗಳನ್ನು ಆ ಹುಡುಗರು ರಾಶಿಗಟ್ಟಲೆ ಓದುತ್ತಿದ್ದರೆಂದು ವಿಚಾರಣೆಯಲ್ಲಿ ಹೊರಬಿತ್ತು. ಓದಿದುದೇ ಕೊಲೆಗೆ ಕಾರಣವೆಂದು ಸಿದ್ಧಪಡಿಸುವುದು ಯಾರಿಗೂ ಸಾಧ್ಯವಿರಲಿಲ್ಲ. ಆದರೆ ತಾಯಿತಂದೆಗಳ ಭಯಕ್ಕೆ ಅಂಥ ಸಿದ್ಧಾಂತದ ಅಗತ್ಯವೂ ಇರಲಿಲ್ಲ. ನಿಜವಾದ ಅಥವಾ ಕಲ್ಪಿತವಾದ ಅಪರಾಧಗಳನ್ನು ಚಿತ್ರರೂಪದಲ್ಲಿ ತೋರಿಸುವುದೇ ಪೂರ್ತಿಯಾಗಿ ಇಲ್ಲವೆ ಬಹುಭಾಗವಾಗಿ ಒಡಲಾಗಿರುವ ಪತ್ರಿಕೆ, ಪುಸ್ತಕಗಳನ್ನು ಅಚ್ಚುಮಾಡುವುದೂ ಮಾರುವುದೂ ಅಪರಾಧವೆಂದು ಫುಲ್ಟನ್ನರ ಮಸೂದೆಯು ವಿಧಿಸಿತು. ಅಧಿಕಾರದಲ್ಲಿದ್ದ ಲಿಬರಲ್ ಪಕ್ಷದವರು ಅದನ್ನು ಒಪ್ಪಿಕೊಂಡರು. ಆ ವರ್ಷದ ಕೊನೆಯಲ್ಲಿ ಅದು ದಂಡಸಂಹಿತೆಗೆ ಸೇರಿತು.

ಈ ವಿಧಿಯಲ್ಲಿ ಗಮನಿಸತಕ್ಕ ಒಂದು ಅಂಶವುಂಟು. ಇಲ್ಲಿ ದೋಷವೆಂದು ಎಣಿಸಲ್ಪಟ್ಟುದು ಪುಸ್ತಕದ ವಸ್ತುವೂ ಅದನ್ನು ಹೇಳುವ ಚಿತ್ರದ ಬಗೆಯೂ ಮಾತ್ರ. ಕೊಲೆಯನ್ನು ಅಕ್ಷರಗಳಲ್ಲಿ ವರ್ಣಿಸಿದವನು ಪಾರಾಗುತ್ತಿದ್ದನು. ರೇಖೆಗಳಲ್ಲಿ ವರ್ಣಿಸಿದವನು ಸಿಕ್ಕಿಬೀಳುತ್ತಿದ್ದನು. ಕಥೆಯ ಕೊನೆಗೆ ಅಪರಾಧಿಗೆ ಶಿಕ್ಷೆಯಾಯಿತೇ, ಕರ್ತೃವಿನ ಉದ್ದೇಶವೇನು ಎಂಬ ವಿಚಾರಗಳಿಗೆ ವ್ಯಾಖ್ಯೆಯಲ್ಲಿ ಎಡೆಯಿರಲಿಲ್ಲ. ಚಿತ್ರರಾಮಾಯಣದಲ್ಲಿ ವಾಲಿವಧೆಯ ಪುಟವು ಈ ವ್ಯಾಖ್ಯೆಯ ಮುಂದೆ ಏನಾಗುತ್ತಿತ್ತೋ ಎಂದು ನಗುತ್ತ ಕೇಳುವವರಿಗೆ ಉತ್ತರ ಹೇಳುವುದು ಸುಲಭವಲ್ಲ. 1954ರಲ್ಲಿ ಅಮೆರಿಕದ ಸೆನೆಟ್ ಸಭೆಯ ಉಪಸಮಿತಿಯೊಂದು ಬಾಲಾಪರಾಧಗಳನ್ನು ಕುರಿತು ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಯಿಸಿದಾಗ ಫುಲ್ಟನ್ನರು ಹೋಗಿ ತಮ್ಮ ದೇಶದ ಅನುಭವವನ್ನು ತಿಳಿಸಿದರು. ಅಮೆರಿಕದವರು ಅಂಥ ಶಾಸನವನ್ನು ಮಾಡಲಿಲ್ಲ. ಅಲ್ಲಿಯ ಪ್ರಕಾಶಕರೇ ಕೂಡಿ ತಮಗೆ ತಾವು ನಿಯಮಗಳನ್ನು ಹಾಕಿಕೊಂಡರು. ಭಾರತದಲ್ಲಿ ತರುಣರಿಗೆ ಹಾನಿಕರವಾದ ಪ್ರಕಟಣೆಗಳನ್ನು ಕುರಿತ ಶಾಸನವು 1956ರಲ್ಲಿ ಬಂದಿತು. ಅದರಲ್ಲಿಯೂ ಅಪರಾಧ, ಹಿಂಸೆ, ಕ್ರೌರ್ಯ, ಭೀಭತ್ಸಗಳ ಚಿತ್ರಣವೇ ಮುಖ್ಯ ವಿಷಯ. ಆ ದಶಕದ ಭಯವು ಒಂದು ದೇಶದ್ದಲ್ಲ.

1956ರಲ್ಲಿ ಅನಿಲವಾಹಕ ಕೊಳವೆಯ ಮಸೂದೆಯ ಮೇಲೆ ನಡೆದ ಪ್ರಸಿದ್ಧ ವಾಗ್ವಾದದಲ್ಲಿ ಸರಕಾರವು ಚರ್ಚೆಯನ್ನು ಬಲಾತ್ಕಾರವಾಗಿ ಮುಗಿಸಲು ಹೊರಟಾಗ, ಸಭಾನಿಯಮಗಳನ್ನು ಹಿಡಿದು ಹೋರಾಡಿದವರಲ್ಲಿ ಫುಲ್ಟನ್ನರು ಮುಂದಾಳುಗಳಾಗಿದ್ದರು. ಅದೇ ವರ್ಷ ಪಕ್ಷದ ನಾಯಕತ್ವಕ್ಕೆ ನಿಂತು 117 ಮತಗಳನ್ನು ಮಾತ್ರ ಪಡೆದರು. 774 ಮತಗಳನ್ನು ಪಡೆದ ಜಾನ್ ಡೀಫೆನ್‌ಬೇಕರರು ನಾಯಕರಾದರು. ಮರುವರ್ಷ ಲಿಬರಲ್ಲರ 22 ವರ್ಷಗಳ ಆಡಳಿತವು ಮುಗಿದು ಡೀಫೆನ್‌ಬೇಕರರು ಪ್ರಧಾನಮಂತ್ರಿಗಳಾದಾಗ, ಫುಲ್ಟನ್ನರಿಗೆ ನ್ಯಾಯಮಂತ್ರಿಯ ಪದವಿಯು ಬಂದಿತು. 1957ರಿಂದ 1962ರವರೆಗಿನ ಈ ಐದು ವರ್ಷಗಳೇ ಅವರ ರಾಜಕೀಯ ಜೀವಿತದ ಸಾರವೆಂದು ನನ್ನ ಅಭಿಪ್ರಾಯ. ಸೆರೆಯಾಳುಗಳನ್ನು ಷರತ್ತಿನ ಮೇಲೆ ಬಿಡುಗಡೆ ಮಾಡುವ ರಾಷ್ಟ್ರೀಯ ಮಂಡಲಿಯು 1959ರಲ್ಲಿ ಏರ್ಪಟ್ಟಿತು. 1960ರಲ್ಲಿ ಕೆನಡಾದ ಹಕ್ಕುಗಳ ಶಾಸನವು ಬಂದಿತು. 1961ರಲ್ಲಿ ಕೊಲೆಯ ಅಪರಾಧವನ್ನು ಮರಣದಂಡನೆಗೆ ತಕ್ಕುದು, ತಕ್ಕುದಲ್ಲದ್ದು ಎಂದು ಎರಡಾಗಿ ವಿಭಾಗಿಸಲಾಯಿತು. ಹದಿನೆಂಟು ವರ್ಷ ತುಂಬದಿರುವಾಗ ಕೊಲೆ ಮಾಡಿದವರನ್ನು ನೇಣಿಗೆ ಹಾಕತಕ್ಕದ್ದಲ್ಲವೆಂದೂ ಗೊತ್ತಾಯಿತು. ಈ ಕೊನೆಯ ನಿಯಮದ ಹಿಂದಿನ ಕಥೆಯು ಕೆನಡಾದವರಿಗೆಲ್ಲ ತಿಳಿದದ್ದು. 1959ರಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಅಂಟೇರಿಯೊ ಪ್ರಾಂತದ ನ್ಯಾಯಾಲಯವು ಮರಣದಂಡನೆಯನ್ನು ವಿಧಿಸಿತ್ತು. ಮರುವರ್ಷ ಮಂತ್ರಿಮಂಡಲವು ಅದನ್ನು ಜೀವಾವಧಿ ಶಿಕ್ಷೆಗೆ ಇಳಿಸಿತು. ಅವನು ನಿರ್ದೋಷಿಯೆಂದು ಬಿಡುಗಡೆಯ ತೀರ್ಪು ಹೊರಟುದು 2007ರಲ್ಲಿ.

ನಮಗೆ ಅತ್ಯಂತ ಆಸಕ್ತಿಯನ್ನು ಹುಟ್ಟಿಸುವುದು 1959ರ ಇನ್ನೊಂದು ತಿದ್ದುಪಡಿ. ಅಶ್ಲೀಲವೆಂದರೆ ಏನೆಂಬುದಕ್ಕೆ ಕೆನಡಾದ ದಂಡಸಂಹಿತೆಯಲ್ಲಿ ಅದುವರೆಗೆ ವ್ಯಾಖ್ಯೆಯಿರಲಿಲ್ಲ. ನ್ಯಾಯಾಲಯಗಳು ಇಂಗ್ಲೆಂಡಿನ ಹಿಕ್ಲಿನ್ ಮೊಕದ್ದಮೆಯ 1868ರ ತೀರ್ಪನ್ನೇ ಅನುಸರಿಸುತ್ತಿದ್ದುವು. ಕೆಡುವುದಕ್ಕೆ ಸುಲಭವಾಗಿ ಒಳಗಾಗುವಂಥ ಮನಸ್ಸುಳ್ಳವರ ಕೈಗೆ ಪುಸ್ತಕವು ಬಿದ್ದರೆ ಅವರನ್ನು ಕೆಡಿಸುವ ಪ್ರವೃತ್ತಿಯು ಅದಕ್ಕಿದೆಯೇ ಎಂಬುದೇ ಆ ತೀರ್ಪಿನ ಒರೆಗಲ್ಲು. ಈ ಒರೆಗಲ್ಲಿಗೆ ಹಚ್ಚಿದರೆ ಮಹಾಕಾವ್ಯಗಳೂ ಮಸುಕಾಗುವುವು; ಏಕೆಂದರೆ ಇದು ಪುಸ್ತಕವನ್ನಳೆಯದೆ ಅತ್ಯಂತ ದುರ್ಬಲನಾದ ಓದುಗನನ್ನು ಅಳೆಯುತ್ತದೆ. ಫುಲ್ಟನ್ನರು ತಂದ ಹೊಸ ವ್ಯಾಖ್ಯೆಯ ತಾತ್ಪರ್ಯವು ಬೇರೆ. ಕಾಮವನ್ನು, ಅಥವಾ ಕಾಮದೊಡನೆ ಅಪರಾಧ, ಭಯಾನಕತೆ, ಕ್ರೌರ್ಯ, ಹಿಂಸೆ ಇವುಗಳಲ್ಲಿ ಒಂದನ್ನೋ ಹಲವನ್ನೋ ಕೂಡಿಸಿ, ಮಿತಿಮೀರಿ ಬಳಸಿಕೊಳ್ಳುವುದೇ ಯಾವ ಪ್ರಕಟಣೆಯ ಪ್ರಧಾನ ಲಕ್ಷಣಗಳಲ್ಲಿ ಒಂದಾಗಿರುವುದೋ ಅದು ಅಶ್ಲೀಲವೆನಿಸಿಕೊಳ್ಳುವುದು. ಮಂತ್ರಿಗಳ ಕಣ್ಣಿದ್ದುದು ರಸ್ತೆಯಂಗಡಿಗಳಲ್ಲಿ ತೂಗುತ್ತಿದ್ದ ಹೊಲಸು ಪತ್ರಿಕೆಗಳ ಮೇಲೆ. ಗಂಭೀರವಾದ ಸಾಹಿತ್ಯದ ಜಗಳಕ್ಕೆ ಸಿಕ್ಕಿಕೊಳ್ಳದಂತೆಯೇ ಪದಗಳನ್ನು ಆರಿಸಿದ್ದೇವೆಂದು ಅವರು ಸಭೆಯಲ್ಲಿ ತಿಳಿಸಿದರು.

ಆದರೆ ಅದೇ ವರ್ಷದ ನವಂಬರಿನಲ್ಲಿ ಮಾಂಟ್ರಿಯಲ್ ನಗರದ ಪೋಲೀಸರು ಅಂಗಡಿಗಳಿಂದ ಡಿ. ಎಚ್. ಲಾರೆನ್ಸರ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿಯ ಪ್ರತಿಗಳನ್ನು ಹಿಡಿದರು. ಹೊಸ ವ್ಯಾಖ್ಯೆಗೆ ಮೊದಲ ದೊಡ್ಡ ಪರೀಕ್ಷೆಯಾಗಿ ಒದಗಿದುದು ಹೊಲಸು ಪತ್ರಿಕೆಯಲ್ಲ, ಹೆಸರಾಂತ ಕಾದಂಬರಿ. ಕೆನಡಾದ ಹಿರಿಯ ಕಾದಂಬರಿಕಾರರಾದ ಹ್ಯೂ ಮೆಕ್ಲೆನನ್, ಮಾರ್ಲಿ ಕ್ಯಾಲಹನ್ ಇವರು ಸಾಕ್ಷಿಗಳಾಗಿ ನಿಂತರು. ಕೆಳಗಿನ ನ್ಯಾಯಾಲಯವೂ ಕ್ವಿಬೆಕ್ಕಿನ ಅಪೀಲು ನ್ಯಾಯಾಲಯವೂ ಪುಸ್ತಕವು ಅಶ್ಲೀಲವೆಂದುವು. ಸರ್ವೋಚ್ಚ ನ್ಯಾಯಾಲಯದಲ್ಲಿ ಅದರ ಪರವಾಗಿ ವಾದಿಸಿದವರು ಎಫ್. ಆರ್. ಸ್ಕಾಟ್, ಇವರು ಶಾಸನಶಾಸ್ತ್ರದ ಅಧ್ಯಾಪಕರು, ಕವಿಗಳೂ ಹೌದು. 1962ರ ಮಾರ್ಚಿಯಲ್ಲಿ ಐವರು ನ್ಯಾಯಾಧೀಶರು ಪುಸ್ತಕದ ಪರವಾಗಿಯೂ ನಾಲ್ವರು ವಿರುದ್ಧವಾಗಿಯೂ ತೀರ್ಪಿತ್ತರು. ನ್ಯಾಯಾಧೀಶ ಜಡ್ಸನ್ನರು ಬರೆದ ಅಭಿಪ್ರಾಯವನ್ನು ಸಾಹಿತ್ಯವಿಮರ್ಶೆಯ ಅಭ್ಯಾಸಿಗಳು ಓದತಕ್ಕದ್ದು. ‘ಪ್ರಧಾನ ಲಕ್ಷಣ’ವೆಂದು ಶಾಸನವೇ ಹೇಳಿರುವಾಗ ಅಲ್ಲೊಂದು ಇಲ್ಲೊಂದು ಪುಟವನ್ನು ಕಿತ್ತು ತೋರಿಸಿದರೆ ಸಾಲದು, ಗ್ರಂಥವನ್ನು ಆದ್ಯಂತವಾಗಿ ಓದಿ ಅದರ ಉದ್ದೇಶವನ್ನು ಗ್ರಹಿಸಬೇಕು, ‘ಮಿತಿಮೀರಿ’ ಎಂಬುದನ್ನು ವಸ್ತುವಿನ ನಿರ್ವಾಹಕ್ಕೆ ಎಷ್ಟು ಬೇಕೋ ಅದಕ್ಕೆ ಹೋಲಿಸಿ, ಸಮಾಜದ ರೂಢಿಯ ಮಟ್ಟವನ್ನೂ ನೋಡಿ ತಿಳಿಯಬೇಕು ಎಂಬುದು ಅವರ ನಿರ್ಣಯದ ಸಾರ. ಔಚಿತ್ಯವನ್ನು ಅಂಗಾಂಗಗಳಲ್ಲಿ ಹುಡುಕದೆ ಇಡಿಯ ಪ್ರಬಂಧದಲ್ಲಿ ಹುಡುಕಬೇಕೆಂದು ನಮ್ಮ ಆಲಂಕಾರಿಕರು ಹೇಳುವುದೂ ಇದಕ್ಕೆ ದೂರವಲ್ಲ.

ಇದೇ ಕಾದಂಬರಿಯು ಎರಡು ವರ್ಷಗಳ ಬಳಿಕ ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ರಂಜಿತ್ ಉದೇಶಿ ಮೊಕದ್ದಮೆಯೆಂದು ಪ್ರಸಿದ್ಧವಾದ 1964ರ ಆ ತೀರ್ಪು ಹಿಕ್ಲಿನ್ ಒರೆಗಲ್ಲನ್ನೇ ಹಿಡಿದು, ಪುಸ್ತಕವನ್ನು ಮಾರಿದವನ ಶಿಕ್ಷೆಯನ್ನು ಎತ್ತಿಹಿಡಿಯಿತು. ಪುಸ್ತಕವು ಒಂದೇ, ಆದರೆ ಎರಡು ನ್ಯಾಯಾಲಯಗಳು ಅದನ್ನು ಓದಿದ ಸೂತ್ರಗಳು ಬೇರೆ. ಕೆನಡಾದ ಸೂತ್ರದ ಪದಗಳು ಬೇರೆಯಾಗಿದ್ದುದು ಫುಲ್ಟನ್ನರಿಂದ. ಚಿತ್ರಪುಸ್ತಕಗಳನ್ನು ಅಡಗಿಸಿ ಹೆಸರು ಪಡೆದವರು ಲಾರೆನ್ಸರ ಕಾದಂಬರಿಗೆ, ತಾವು ಬಯಸಿದರೋ ಇಲ್ಲವೋ, ಬಾಗಿಲು ತೆರೆದಂತಾಯಿತು.

ಕೆನಡಾದ ರಾಜ್ಯಾಂಗವು 1867ರ ಬ್ರಿಟಿಷ್ ಪಾರ್ಲಿಮೆಂಟಿನ ಶಾಸನವಾಗಿದ್ದುದರಿಂದ ಅದರ ಮುಖ್ಯ ಭಾಗಗಳನ್ನು ತಿದ್ದಬೇಕಾದರೆ ಲಂಡನ್ನಿಗೇ ಅರ್ಜಿ ಹೋಗಬೇಕಾಗಿದ್ದಿತು. ತಿದ್ದುವ ಅಧಿಕಾರವನ್ನು ತಾಯ್ನಾಡಿಗೆ ತರಲು ಫುಲ್ಟನ್ನರು 1960, 61ರಲ್ಲಿ ಪ್ರಾಂತಗಳ ನ್ಯಾಯಮಂತ್ರಿಗಳನ್ನು ಕೂಡಿಸಿ ಒಂದು ಸೂತ್ರವನ್ನು ಸಿದ್ಧಪಡಿಸಿದರು. ಪ್ರಾಂತಗಳ ಅಧಿಕಾರ, ಭಾಷೆ ಮುಂತಾದವುಗಳಿಗೆ ಸರ್ವರ ಸಮ್ಮತಿ ಬೇಕು. ಇತರ ಹಲವು ವಿಷಯಗಳಿಗೆ ಜನಸಂಖ್ಯೆಯ ಅರ್ಧವನ್ನಾದರೂ ಒಳಗೊಂಡ ಮೂರರಲ್ಲಿ ಎರಡು ಪಾಲು ಪ್ರಾಂತಗಳು ಒಪ್ಪಿದರೆ ಸಾಕು ಎಂಬುದು ಅದರ ತಿರುಳು. ಒಪ್ಪಂದವು ಆಗ ಪೂರ್ತಿಯಾಗಲಿಲ್ಲ. ಲಿಬರಲ್ ಮಂತ್ರಿಗಳಾದ ಗೀ ಫಾವ್ರೋರವರು ಅದನ್ನು ತಿದ್ದಿ 1964ರಲ್ಲಿ ಎಲ್ಲ ಪ್ರಾಂತಗಳ ಒಪ್ಪಿಗೆಯನ್ನು ಪಡೆದರು. 1966ರಲ್ಲಿ ಕ್ವಿಬೆಕ್ಕು ಹಿಂದೆಗೆಯಿತು. ಸೂತ್ರವು ಸತ್ತಿತೆಂದು ಎಲ್ಲರೂ ತಿಳಿದರು. ಆದರೆ 1982ರ ರಾಜ್ಯಾಂಗ ಶಾಸನದ ತಿದ್ದುಪಡಿ ವಿಧಿಗಳಲ್ಲಿ ಮೂರರಲ್ಲಿ ಎರಡು ಪಾಲು ಪ್ರಾಂತ, ಜನಸಂಖ್ಯೆಯ ಅರ್ಧ ಎಂಬ ಲೆಕ್ಕವು ಮತ್ತೆ ಕಾಣಿಸಿಕೊಂಡಿತು.

ಹೀಗೆ ಲಂಡನ್ನಿಗೆ ಹೋದ ಅರ್ಜಿಗಳಲ್ಲಿ ಒಂದು ಇವರ ಕಾಲದ್ದೇ. ಪ್ರಾಂತಗಳ ಮೇಲಿನ ದರ್ಜೆಯ ನ್ಯಾಯಾಧೀಶರು ಸಾಯುವವರೆಗೆ ಪೀಠದಲ್ಲಿರಬಹುದಾಗಿದ್ದಿತು. 75ನೆಯ ವಯಸ್ಸಿಗೆ ನಿವೃತ್ತರಾಗಬೇಕೆಂದು 1960ರ ತಿದ್ದುಪಡಿಯು ವಿಧಿಸಿ, 1961ರ ಮಾರ್ಚಿಯಿಂದ ಜಾರಿಗೆ ಬಂದಿತು. ಆ ಪೀಠದಲ್ಲಿ ತಾವೇ ಒಂದು ದಿನ ಕುಳಿತುಕೊಳ್ಳುವರೆಂದು ನ್ಯಾಯಮಂತ್ರಿಗಳು ಆಗ ಎಣಿಸಿರಲಾರರು. ಅವರ ದೃಷ್ಟಿಯು ಪ್ರಧಾನಮಂತ್ರಿಯ ಪೀಠದ ಮೇಲಿದ್ದಿತು.

ಆ ಪೀಠವು ದೊರೆಯಲಿಲ್ಲ. ಕೊಲಂಬಿಯಾ ನದಿಯ ನೀರಿನ ವಿಷಯವಾಗಿ ಅಮೆರಿಕದೊಡನೆ ನಡೆದ ಸಂಧಾನದಲ್ಲಿ ಫುಲ್ಟನ್ನರು ಕೆನಡಾದ ಮುಖ್ಯ ಪ್ರತಿನಿಧಿಗಳು. 1961ರ ಜನವರಿ 17ರಂದು ಡೀಫೆನ್‌ಬೇಕರರೂ ಅಧ್ಯಕ್ಷ ಐಸೆನ್‌ಹೋವರರೂ ಒಪ್ಪಂದಕ್ಕೆ ರುಜು ಹಾಕಿದರು. ಆದರೆ ಕೆನಡಾದ ಪಾಲಿಗೆ ಬರುವ ವಿದ್ಯುಚ್ಛಕ್ತಿಯನ್ನು ಅಮೆರಿಕಕ್ಕೇ ಮಾರಿಬಿಡಬೇಕೆಂಬುದು ಪ್ರಾಂತದ ಮುಖ್ಯಮಂತ್ರಿ ಡಬ್ಲ್ಯು. ಎ. ಸಿ. ಬೆನೆಟ್ಟರ ಹಟ. ಅದು ದೇಶಕ್ಕೇ ಮರಳಬೇಕೆಂಬುದು ಫುಲ್ಟನ್ನರ ಪಕ್ಷ. 1962ರಲ್ಲಿ ಅವರು ನ್ಯಾಯಖಾತೆಯಿಂದ ಲೋಕೋಪಯೋಗಿ ಖಾತೆಗೆ ಹೋದರು. ಮರುವರ್ಷ ಆಟವಾವನ್ನೇ ಬಿಟ್ಟು, ಬೆನೆಟ್ಟರನ್ನು ಅವರ ನೆಲದಲ್ಲಿಯೇ ಎದುರಿಸಲು ಪ್ರಾಂತದ ಕನ್ಸರ್ವೇಟಿವರ ನಾಯಕರಾದರು. 1963ರ ಸೆಪ್ಟೆಂಬರಿನ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಒಂದು ಸ್ಥಾನವೂ ಬರಲಿಲ್ಲ. ಕ್ಯಾಮ್‌ಲೂಪ್ಸಿನಲ್ಲಿ ಅವರೂ ಸೋತರು. ಬೆನೆಟ್ಟರ ಇಷ್ಟದಂತೆಯೇ ವಿದ್ಯುತ್ತು ಮೂವತ್ತು ವರ್ಷಗಳಿಗೆ ಮಾರಾಟವಾಯಿತು.

1965ರಲ್ಲಿ ಮತ್ತೆ ಆಟವಾಕ್ಕೆ ಬಂದು, 1967ರಲ್ಲಿ ಟೊರಾಂಟೊ ನಗರದಲ್ಲಿ ನಾಯಕತ್ವಕ್ಕೆ ಎರಡನೆಯ ಸಲ ನಿಂತರು. ಮೂರನೆಯವರಾಗಿ ಹಿಂದೆಗೆದು ತಮ್ಮ ಬೆಂಬಲವನ್ನು ರಾಬರ್ಟ್ ಸ್ಟ್ಯಾನ್‌ಫೀಲ್ಡರಿಗೆ ಕೊಟ್ಟರು, ಸ್ಟ್ಯಾನ್‌ಫೀಲ್ಡರು ಗೆದ್ದರು. ಅಂದು ಫುಲ್ಟನ್ನರಿಗಾಗಿ ದುಡಿದ ತರುಣರಲ್ಲಿ ಜೋ ಕ್ಲಾರ್ಕ್, ಬ್ರಯನ್ ಮಲ್ರೋನಿ ಇಬ್ಬರೂ ಇದ್ದರು. ಇಬ್ಬರೂ ಆಮೇಲೆ ಪ್ರಧಾನಮಂತ್ರಿಗಳಾದರು.

1968ರ ಸೋಲು ಇದಕ್ಕಿಂತ ವಿಚಿತ್ರವಾದುದು. ಆ ವರ್ಷ ಅವರನ್ನು ಸೋಲಿಸಿದವರು ಒಕನಾಗನ್ ಜನಾಂಗದ ಲೆನ್ ಮಾರ್ಚಂಡ್. ಇಂಡಿಯನ್ ಎಂಬ ಶಾಸನಬದ್ಧ ಸ್ಥಾನವುಳ್ಳ ಆದಿವಾಸಿಗಳಲ್ಲಿ ಪಾರ್ಲಿಮೆಂಟಿಗೆ ಚುನಾಯಿತರಾದವರು ಇವರೇ ಮೊದಲಿಗರು. ಆ ಜನರಿಗೆ ತಮ್ಮ ಸ್ಥಾನವನ್ನು ಕಳೆದುಕೊಳ್ಳದೆ ಮತ ಹಾಕುವ ಹಕ್ಕು ದೊರೆತುದು 1960ರಲ್ಲಿ; ಆಗ ನ್ಯಾಯಮಂತ್ರಿಗಳಾಗಿದ್ದವರು ಫುಲ್ಟನ್ನರು.

1973ರಲ್ಲಿ ಅವರು ಬ್ರಿಟಿಷ್ ಕೊಲಂಬಿಯಾದ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದರು. ಹೆಸರು ಸುಪ್ರೀಂ ಆದರೂ ಇದು ಕೊನೆಯ ನ್ಯಾಯಾಲಯವಲ್ಲವೆಂಬುದನ್ನು ವಾಚಕರು ಗಮನಿಸಬೇಕು. ದೊಡ್ಡ ಮೊಕದ್ದಮೆಗಳ ಮೊದಲ ವಿಚಾರಣೆ ಇಲ್ಲಿ ನಡೆಯುವುದು. ಇದರ ಮೇಲೆ ಪ್ರಾಂತದ ಅಪೀಲು ನ್ಯಾಯಾಲಯವೂ ಅದರ ಮೇಲೆ ಆಟವಾದ ಸರ್ವೋಚ್ಚ ನ್ಯಾಯಾಲಯವೂ ಇವೆ. ಇಂಥ ನ್ಯಾಯಾಲಯಗಳನ್ನು ನಡೆಯಿಸುವುದು ಪ್ರಾಂತದ ಕೆಲಸ. ನ್ಯಾಯಾಧೀಶರನ್ನು ನೇಮಿಸಿ ಸಂಬಳ ಕೊಡುವುದು ಕೇಂದ್ರ ಸರಕಾರ. 1867ರ ಶಾಸನದ ಈ ಏರ್ಪಾಟಿನಿಂದ ಆಟವಾದಲ್ಲಿ ಅಧಿಕಾರ ಹಿಡಿದ ಪಕ್ಷವು ತನ್ನವರಿಗೆ ಪೀಠಗಳನ್ನು ಹಂಚುವ ರೂಢಿಯು ಬಹುಕಾಲ ನಡೆದುಬಂದಿದ್ದಿತು. ಫುಲ್ಟನ್ನರ ನೇಮಕವು ಹಾಗಲ್ಲ. ಆಗ ಅಧಿಕಾರದಲ್ಲಿದ್ದುದು ಟ್ರೂಡೋರವರ ಲಿಬರಲ್ ಸರಕಾರ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ತಮ್ಮನ್ನು ಎದುರಿಸಿದವರನ್ನು ಲಿಬರಲ್ಲರು ಪೀಠದಲ್ಲಿ ಕೂರಿಸಿದರು. ಇದರಲ್ಲಿ ಔದಾರ್ಯವೆಷ್ಟು, ಪ್ರತಿಸ್ಪರ್ಧಿಯನ್ನು ಕಣದಿಂದ ಹೊರಡಿಸುವ ಜಾಣತನವೆಷ್ಟು ಎಂದು ಕೇಳಬಹುದು. ಆದರೆ 1968ರ ಬಳಿಕ ಅವರು ಆಟವಾದ ಕಣದಲ್ಲಿರಲಿಲ್ಲವಾದ್ದರಿಂದ ಎರಡನೆಯದಕ್ಕೆ ಬಲ ಕಡಮೆ.

ಪೀಠವು ರಾಜಕಾರಣಿಯಿಂದ ಬೇಡುವುದು ಮುಖ್ಯವಾಗಿ ಮೌನವನ್ನು. ಸಭೆಯಲ್ಲಿ ಮಾತಿನಿಂದ ಗೆದ್ದವರು ಇಲ್ಲಿ ಇತರರ ಮಾತನ್ನು ಕೇಳಿ, ಕಾರಣಗಳನ್ನು ಬರೆದು, ಆ ಬರಹವನ್ನು ಮೇಲಿನವರು ಅಳಿಸಿದರೆ ಸುಮ್ಮನಿರಬೇಕು. ಶಾಸನವು ಅವಿವೇಕದ್ದೆಂದು ತೋರಿದರೂ ತಿದ್ದುವ ಹಾಗಿಲ್ಲ. ಸಭೆಯಲ್ಲಿ ಮಂತ್ರಿಯು ಏನೆಂದನೆಂಬುದನ್ನು ಅರ್ಥನಿರ್ಣಯಕ್ಕೆ ಸಾಧನವಾಗಿ ತರಬಾರದೆಂಬುದು ಇಂಗ್ಲಿಷ್ ನ್ಯಾಯಪದ್ಧತಿಯ ಹಳೆಯ ನಿಯಮ; ಮಂತ್ರಿಗಳಾಗಿ ಅಂಥ ವಿವರಣೆಗಳನ್ನು ಎಷ್ಟೋ ಸಲ ಕೊಟ್ಟವರಿಗೆ ಈ ನಿಯಮದ ಕಟುತ್ವವೂ ಅದರ ನ್ಯಾಯವೂ ಇತರರಿಗಿಂತ ಹೆಚ್ಚಾಗಿ ತಿಳಿದಿರಬೇಕು. ಎಂಟು ವರ್ಷಗಳ ಬಳಿಕ, 75 ತುಂಬುವುದಕ್ಕೆ ಬಹಳ ಮೊದಲೇ, 1981ರಲ್ಲಿ ಅವರು ಪೀಠವನ್ನು ಬಿಟ್ಟರು.

ಆಮೇಲಿನ ಕೆಲಸಗಳಲ್ಲಿ ಎರಡನ್ನು ಹೇಳಬೇಕು. ಆಲ್ಬರ್ಟಾ ಪ್ರಾಂತದ ಉತ್ತರಭಾಗದ ಲೂಬಿಕನ್ ಸರೋವರದ ಕ್ರೀ ಜನರಿಗೆ ಸಲ್ಲಬೇಕಾಗಿದ್ದ ನೆಲವು ಸಲ್ಲದೆ, ಅವರು ಬೇಟೆಯಾಡುತ್ತಿದ್ದ ಕಾಡಿನಲ್ಲಿ ಎಣ್ಣೆಯ ಬಾವಿಗಳು ಎದ್ದಿದ್ದುವು. 1985ರಲ್ಲಿ ಕೇಂದ್ರ ಸರಕಾರವು ಇದನ್ನು ವಿಚಾರಿಸಲು ಫುಲ್ಟನ್ನರನ್ನು ನೇಮಿಸಿತು. ಮರುವರ್ಷ ಅವರು ಚರ್ಚಾಪತ್ರವೊಂದನ್ನು ಒಪ್ಪಿಸಿದರು. ವಿವಾದವು ಮಾತ್ರ ಅವರ ಕಾಲದಲ್ಲಿ ಮುಗಿಯದೆ 2018ರವರೆಗೆ ಎಳೆಯಿತು. 1986ರಿಂದ 1992ರವರೆಗೆ ಅವರು ಅಮೆರಿಕ, ಕೆನಡಾಗಳ ಗಡಿಯ ನೀರುಗಳನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಜಂಟಿ ಆಯೋಗದಲ್ಲಿ ಕೆನಡಾದ ಪರವಾಗಿ ಅಧ್ಯಕ್ಷರಾಗಿದ್ದರು. ನದಿಯ ಲೆಕ್ಕವು ಅವರನ್ನು ಬಿಡಲಿಲ್ಲ. 2000ನೆಯ ಇಸವಿಯ ಮೇ 22ರಂದು ವ್ಯಾಂಕೂವರಿನಲ್ಲಿ ತೀರಿಕೊಂಡರು.

ಅವರ ಮೊದಲ ಶಾಸನವು ಅವರಿಗಿಂತ ಹದಿನೆಂಟು ವರ್ಷ ಹೆಚ್ಚು ಬಾಳಿತು. ಬಳಕೆ ತಪ್ಪಿದ ಹಳೆಯ ಅಪರಾಧಗಳನ್ನು ದಂಡಸಂಹಿತೆಯಿಂದ ತೆಗೆದುಹಾಕಲು ಹೊರಟ ಕೆನಡಾದ ಪಾರ್ಲಿಮೆಂಟು 2018ರ ಡಿಸೆಂಬರಿನಲ್ಲಿ ಚಿತ್ರಪುಸ್ತಕಗಳನ್ನು ಕುರಿತ 1949ರ ವಿಧಿಯನ್ನು ರದ್ದುಮಾಡಿತು. ಅಶ್ಲೀಲವನ್ನು ಕುರಿತ 1959ರ ವ್ಯಾಖ್ಯೆಯನ್ನು ಮುಟ್ಟಲಿಲ್ಲ.